ಜಗದ್ಗುರು ಬಾದಶಹನ ಒಡಹುಟ್ಟಿದವರು

ನಾನು ದ್ವಿತೀಯ ಪಿಯುಸಿ ಕಲಾ ವಿಭಾಗದ ವಿದ್ಯಾರ್ಥಿನಿ. ನನ್ನ ಊರು ತಿಕೋಟಾ. ದಿನಾ ಬೆಳಿಗ್ಗೆ ಅಥಣಿ ಕಡೆಯಿಂದ ಬರುವ ಬಸ್ಸು ಹತ್ತಿ ಕಾಲೇಜಿಗೆ ಬರುತ್ತೇನೆ. ವಿಜಯಪುರ ಮುಟ್ಟುವ ಮೊದಲು ತೊರವಿ ಸಿಗುತ್ತದೆ. ಅಲ್ಲಿ ಹೊಲಗಳ ನಡುವೆ ಹಳೆಯ ಕಾಲದ ದೊಡ್ಡ ಕಮಾನುಗಳು ನಿಂತಿವೆ. ಜನ ಅದನ್ನು ಸಂಗೀತ ಮಹಲ್ ಎನ್ನುತ್ತಾರೆ. ಎರಡು ವರ್ಷ ಆ ದಾರಿಯಲ್ಲಿ ಓಡಾಡಿದರೂ ಅದನ್ನು ಕಟ್ಟಿಸಿದವನು ಯಾರು, ಅವನ ಮನೆಯವರು ಯಾರು ಎಂದು ನಾನು ಒಮ್ಮೆಯೂ ವಿಚಾರ ಮಾಡಿರಲಿಲ್ಲ.

ಈ ವರ್ಷ ನಮ್ಮ ಇತಿಹಾಸದ ಉಪನ್ಯಾಸಕರು ಇಬ್ಬಿಬ್ಬರಿಗೆ ಒಂದರಂತೆ ಪ್ರಾಜೆಕ್ಟ್ ಹಂಚಿದರು. ನನಗೂ ನನ್ನ ಚಾಚಾನ ಮಗಳಿಗೂ ಸೇರಿ ಎರಡನೇ ಇಬ್ರಾಹಿಂ ಆದಿಲ್ ಶಾಹ ಬಂದ. ಅವಳು ಬಬಲೇಶ್ವರದಿಂದ ಬರುತ್ತಾಳೆ. ಅವಳ ಬಸ್ಸು ಬೇರೆ ದಾರಿ, ನನ್ನ ಬಸ್ಸು ಬೇರೆ ದಾರಿ. ನಮ್ಮಿಬ್ಬರ ತಂದೆಯರ ದಾರಿಯೂ ಈಗ ಬೇರೆಯೇ. ದಾದಾ ಬಿಟ್ಟುಹೋದ ಹೊಲದ ಬಾವಿ ನೀರಿನ ಪಾಳಿಯ ಸಲುವಾಗಿ ಅಬ್ಬಾ ಮತ್ತು ಚಾಚಾ ಮೂರು ವರ್ಷದಿಂದ ಮಾತು ಬಿಟ್ಟಿದ್ದಾರೆ. ಈದ್ ದಿನ ಒಂದೇ ಈದ್ಗಾದಲ್ಲಿ ನಮಾಜು ಮಾಡಿ, ಅಪ್ಪಿಕೊಳ್ಳದೆ ಮರಳುತ್ತಾರೆ. ಇದನ್ನು ಯಾಕೆ ಬರೆದೆ ಎಂಬುದು ಈ ಲೇಖನ ಮುಗಿಯುವ ಹೊತ್ತಿಗೆ ನಿಮಗೆ ತಿಳಿದೀತು.

ಇಬ್ರಾಹಿಂ ಎಂದರೆ ನಮಗೆಲ್ಲ ಗೊತ್ತಿರುವುದು ಇಬ್ರಾಹಿಂ ರೋಜಾ ಕಟ್ಟಡ ಮತ್ತು ಜಗದ್ಗುರು ಬಾದಶಹ ಎಂಬ ಹೆಸರು. ಅವನು ರಾಜನಷ್ಟೇ ಅಲ್ಲ, ವಾಗ್ಗೇಯಕಾರ. ತಾನೇ ಪದ ಕಟ್ಟಿ, ಅದಕ್ಕೆ ರಾಗ ಗೊತ್ತುಮಾಡಿ, ತಂಬೂರಿ ಹಿಡಿದು ಹಾಡುತ್ತಿದ್ದವನು. ಅವನ ಕಿತಾಬ್-ಎ-ನೌರಸ್ ಎಂಬ ಪುಸ್ತಕದಲ್ಲಿ 59 ಹಾಡುಗಳೂ 17 ದೋಹೆಗಳೂ ಇವೆ. ನಾವು ಮೊದಲು ಅವನ ಹಾಡುಗಳ ಬಗ್ಗೆಯೇ ಬರೆಯಬೇಕೆಂದಿದ್ದೆವು. ಆದರೆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅವನ ವಂಶವೃಕ್ಷ ಬಿಡಿಸಲು ಕುಳಿತಾಗ ಕೈ ನಿಂತುಹೋಯಿತು. ಇಷ್ಟು ಇಂಪಾಗಿ ಹಾಡಿದವನ ಮನೆಯೊಳಗೆ ಇಷ್ಟು ನೋವಿತ್ತೇ ಎನಿಸಿತು. ಆಗ ನಾವು ವಿಷಯ ಬದಲಿಸಿ, ಅವನ ಮನೆತನದ ಕಥೆಯನ್ನೇ ಬರೆದೆವು. ಅದನ್ನೇ ಇಲ್ಲಿ ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ವಿಜಯಪುರದ ಗದ್ದುಗೆಯಲ್ಲಿ ಆಗ ಇದ್ದವನು ಒಂದನೇ ಅಲಿ ಆದಿಲ್ ಶಾಹ. ಅವನ ಸೋದರ ತಹಮಾಸ್ಪ್. ವಿಜಯನಗರದ ವಿರುದ್ಧ ದಖ್ಖನಿನ ಸುಲ್ತಾನರು ಒಂದಾಗುವ ಹೊತ್ತಿನಲ್ಲಿ ವಿಜಯಪುರಕ್ಕೂ ಅಹಮದನಗರಕ್ಕೂ ಹೆಣ್ಣು ಕೊಟ್ಟು ಹೆಣ್ಣು ತರುವ ಸಂಬಂಧ ಕುದುರಿತು. ಅಲಿಯ ತಂಗಿ ಹಾದಿಯಾ ಸುಲ್ತಾನಾ ಅಹಮದನಗರದ ರಾಜಕುಮಾರ ಮುರ್ತಜಾನಿಗೆ ಹೆಂಡತಿಯಾಗಿ ಹೋದಳು. ಮುರ್ತಜಾನ ಸೋದರಿ ಚಾಂದ್ ಬೀಬಿ ಅಲಿಯ ಕೈಹಿಡಿದು ವಿಜಯಪುರಕ್ಕೆ ಬಂದಳು. ನಮ್ಮ ಊರಿನ ಚಾಂದ್ ಬಾವಡಿ 1579ರಲ್ಲಿ ಅವಳ ಹೆಸರಿನಲ್ಲಿಯೇ ಕಟ್ಟಿದ್ದು.

ಅಲಿಗೆ ಗಂಡುಮಕ್ಕಳಿರಲಿಲ್ಲ. 1580ರಲ್ಲಿ ಅವನು ಅರಮನೆಯೊಳಗೇ ಕೊಲೆಯಾದ. ಗದ್ದುಗೆ ಸೋದರ ತಹಮಾಸ್ಪನ ಮಗನಿಗೆ ಬಂತು. ಆ ಮಗನೇ ಇಬ್ರಾಹಿಂ. ಅವನಿಗೆ ಆಗ 9 ವರ್ಷ. ನನ್ನ ತಮ್ಮನಿಗೂ ಈಗ 9 ವರ್ಷ. ಅವನಿಗೆ ಶಾಲೆಯ ಚೀಲವನ್ನೇ ಸರಿಯಾಗಿ ಹೊರಲು ಬರುವುದಿಲ್ಲ. ಅಂಥ ವಯಸ್ಸಿನ ಹುಡುಗನ ತಲೆಯ ಮೇಲೆ ಒಂದು ರಾಜ್ಯದ ಭಾರ ಬಿತ್ತು.

ಆ ಮನೆಯಲ್ಲಿ ಇಬ್ರಾಹಿಂ ಒಬ್ಬನೇ ಕೂಸಲ್ಲ. ಅವನಿಗೆ ಇಸ್ಮಾಯಿಲ್ ಎಂಬ ಒಡಹುಟ್ಟಿದವನಿದ್ದ. ಖದೀಜಾ ಸುಲ್ತಾನಾ ಎಂಬ ಸೋದರಿಯಿದ್ದಳು. ಒಂದೇ ಅಂಗಳದಲ್ಲಿ ಬೆಳೆಯಬೇಕಾಗಿದ್ದ ಮೂವರು ಮೂರು ಊರಿನ ಪಾಲಾದರು. ಒಬ್ಬ ವಿಜಯಪುರದ ಗದ್ದುಗೆಗೆ, ಒಬ್ಬಳು ಅಹಮದನಗರದ ಅರಮನೆಗೆ, ಇನ್ನೊಬ್ಬ ಬೆಳಗಾವಿಯ ಕೋಟೆಗೆ.

ಹುಡುಗ ರಾಜನ ಹೆಸರಿನಲ್ಲಿ ಆಡಳಿತ ನಡೆಸಲು ಸರದಾರರು ಒಬ್ಬರ ಮೇಲೊಬ್ಬರು ಬಂದರು. ಮೊದಲು ಕಾಮಿಲ್ ಖಾನ್, ಆಮೇಲೆ ಕಿಶ್ವರ್ ಖಾನ್, ಆಮೇಲೆ ಇಖ್ಲಾಸ್ ಖಾನ್, ಕೊನೆಗೆ ದಿಲಾವರ್ ಖಾನ್. ಈ ಗದ್ದಲದ ನಡುವೆ ಹುಡುಗನ ಬೆನ್ನಿಗೆ ನಿಂತವಳು ಚಾಂದ್ ಬೀಬಿ. ಹೆತ್ತ ಮಗನಲ್ಲ, ಗಂಡನ ಸೋದರನ ಮಗ. ಆದರೂ ಅವನ ಪರವಾಗಿ ಮಾತಾಡಿದ್ದಕ್ಕೆ ಕಿಶ್ವರ್ ಖಾನ್ ಅವಳನ್ನು ಸಾತಾರಾ ಕೋಟೆಯಲ್ಲಿ ಸೆರೆಯಿಟ್ಟ. ಅವನ ಅಧಿಕಾರ ಮುರಿದ ಮೇಲೆಯೇ ಅವಳು ಮರಳಿ ಬಂದಳು. ಚಾಂದ್ ಬೀಬಿ ಕತ್ತಿ ಹಿಡಿದ ವೀರಳೆಂದು ನಾವು ಶಾಲೆಯಲ್ಲಿ ಓದಿದ್ದೇವೆ. ಪರರ ಕೂಸಿಗಾಗಿ ಸೆರೆಮನೆ ಕಂಡವಳೆಂಬುದು ನನಗೆ ಈಗ ತಿಳಿಯಿತು.

ದಿಲಾವರ್ ಖಾನನ ಕಾಲದಲ್ಲಿ ಮತ್ತೊಂದು ಸಂಬಂಧ ನಡೆಯಿತು. ಸೋದರಿ ಖದೀಜಾಳನ್ನು ಮುರ್ತಜಾನ ಮಗ ಮೀರಾನ್ ಹುಸೇನನಿಗೆ ಕೊಟ್ಟರು. ಚಾಂದ್ ಬೀಬಿ ಮದುಮಗಳ ಜೊತೆ ತನ್ನ ತವರಿಗೆ ಹೊರಟಳು. ಹೀಗೆ ಇಬ್ರಾಹಿಂ ಒಂದೇ ಬಾರಿಗೆ ಸೋದರಿಯನ್ನೂ, ಸಾಕಿದವಳನ್ನೂ ಅಹಮದನಗರಕ್ಕೆ ಕಳಿಸಿಕೊಟ್ಟ. ಖದೀಜಾಳ ಬಾಳು ಅಲ್ಲಿ ನೆಟ್ಟಗಾಗಲಿಲ್ಲ. 1588ರಲ್ಲಿ ಮೀರಾನ್ ಹುಸೇನ್ ತನ್ನ ತಂದೆಯನ್ನೇ ಕೊಂದು ಗದ್ದುಗೆ ಏರಿದ. ಮರುವರ್ಷ ಅವನನ್ನೂ ಕೊಂದರು. ಆಮೇಲೆ ವಿಜಯಪುರದ ದಂಡು ಅಹಮದನಗರದ ಮೇಲೆ ಹೋಯಿತು. ಒಪ್ಪಂದವಾದಾಗ ರಾಜನ ಸೋದರಿಯನ್ನು ಮರಳಿ ಕಳಿಸಬೇಕೆಂಬುದೂ ಅದರೊಳಗೆ ಸೇರಿತು. ಪಲ್ಲಕ್ಕಿಯಲ್ಲಿ ಹೋದವಳು ವಿಧವೆಯಾಗಿ ತವರಿಗೆ ಬಂದಳು.

1590ರಲ್ಲಿ ಇಬ್ರಾಹಿಂ ದಿಲಾವರ್ ಖಾನನನ್ನು ಕೆಳಗಿಳಿಸಿ ಅಧಿಕಾರ ತನ್ನ ಕೈಗೆ ತೆಗೆದುಕೊಂಡ. ಆಗ ಅವನಿಗೆ ಹೆಚ್ಚೂಕಡಿಮೆ ನಮ್ಮಷ್ಟೇ ವಯಸ್ಸು, 19 ಇರಬೇಕು. ಆ ಹೊತ್ತಿಗೆ ಇಸ್ಮಾಯಿಲ್ ಬೆಳಗಾವಿ ಕೋಟೆಯಲ್ಲಿದ್ದ. ಅವನು ಮಾಡಿದ ತಪ್ಪೇನೂ ಇರಲಿಲ್ಲ. ರಾಜನ ಜೊತೆ ಹುಟ್ಟಿದ್ದೇ ಅವನ ತಪ್ಪು. ಆ ಕಾಲದ ಅರಮನೆಗಳಲ್ಲಿ ಒಡಹುಟ್ಟಿದವನೆಂದರೆ ನಾಳೆ ಎದ್ದು ಬರಬಹುದಾದ ಎದುರಾಳಿ ಎಂದೇ ಲೆಕ್ಕ. ಇಬ್ರಾಹಿಂ ಅವನ ಕಟ್ಟುಪಾಡು ಸಡಿಲಿಸಿದ, ಖರ್ಚಿಗೆ ಹಣ ಗೊತ್ತುಮಾಡಿದ. ಆದರೆ ಕೋಟೆಯಿಂದ ಹೊರಗೆ ಬಿಡಲಿಲ್ಲ.

ಅತೃಪ್ತ ಸರದಾರರಿಗೆ ಬೇಕಾಗಿದ್ದದ್ದು ಇಂಥದೇ ಒಬ್ಬ ರಾಜಕುಮಾರ. ಐನ್-ಉಲ್-ಮುಲ್ಕ್ ಎಂಬ ಪ್ರಬಲ ಸರದಾರ ಇಸ್ಮಾಯಿಲನ ಪಕ್ಷ ಕಟ್ಟಿದ. ಅಹಮದನಗರದ ಬುರ್ಹಾನ್ ನಿಜಾಮ್ ಶಾಹ ಬೆಂಬಲ ಕೊಡಲು ಮುಂದಾದ. ಬೆಳಗಾವಿಯಲ್ಲಿ ದಂಗೆ ಎದ್ದಿತು. ಇಬ್ರಾಹಿಂ ದಂಡು ಕಳಿಸಿದ. 1594ರ ಹೊತ್ತಿಗೆ ಎಲ್ಲ ಮುಗಿಯಿತು. ಐನ್-ಉಲ್-ಮುಲ್ಕ್ ಸತ್ತ. ಇಸ್ಮಾಯಿಲ್ ಸೆರೆ ಸಿಕ್ಕ. ಅವನು ಬದುಕಿ ವಿಜಯಪುರಕ್ಕೆ ಮರಳಲಿಲ್ಲ.

ಈ ಭಾಗ ಬರೆಯುವಾಗ ನಾವಿಬ್ಬರೂ ಬಹಳ ಹೊತ್ತು ಸುಮ್ಮನೆ ಕುಳಿತೆವು. ನಮ್ಮ ಮನೆಯಲ್ಲಿ ಕತ್ತಿಯಿಲ್ಲ, ದಂಡಿಲ್ಲ. ಇರುವುದು ಒಂದು ಬಾವಿ, ಎಂಟು ದಿನಕ್ಕೊಮ್ಮೆ ಬರುವ ಪಾಳಿ. ಆದರೆ ನಡುವೆ ಬಂದು ಮಾತು ಸೇರಿಸುವವರು ನಮ್ಮಲ್ಲಿಯೂ ಇದ್ದಾರೆ. ಆ ಕಡೆ ಒಂದು, ಈ ಕಡೆ ಒಂದು ಹೇಳಿ ಬೆಂಕಿಗೆ ಎಣ್ಣೆ ಹೊಯ್ಯುವವರು. ಇಸ್ಮಾಯಿಲನಿಗೂ ಇಬ್ರಾಹಿಮನಿಗೂ ನಡುವೆ ನಿಂತವರು ಇಂಥವರೇ ಅಲ್ಲವೇ ಎಂದು ನನಗನಿಸಿತು.

ಇನ್ನು ಅವನ ಹಾಡಿನ ಮಾತು. ನೌರಸ್ ಎಂದರೆ ನಮ್ಮ ನವರಸವೇ. ಆ ಪದ ಇಬ್ರಾಹಿಮನಿಗೆ ಎಷ್ಟು ಹಿಡಿಸಿತೆಂದರೆ ಪುಸ್ತಕಕ್ಕೂ ಅದೇ ಹೆಸರು, 1599ರಲ್ಲಿ ತೊರವಿಯ ಬಳಿ ಕಟ್ಟಿಸಲು ತೊಡಗಿದ ಹೊಸ ಊರಿಗೂ ಅದೇ ಹೆಸರು: ನವರಸಪುರ. ಗಾಯಕರು, ವಾದಕರು, ಕವಿಗಳು ಅಲ್ಲಿ ನೆಲೆಸಬೇಕೆಂಬುದು ಅವನ ಆಸೆ. ನಾನು ಬಸ್ಸಿನ ಕಿಟಕಿಯಿಂದ ನೋಡುವ ಕಮಾನುಗಳು ಆ ಊರಿನವೇ. ನಗರದ ಗಗನ ಮಹಲಿನ ಕಮಾನು ನೋಡಿದವರಿಗೆ ಇದರ ರೂಪ ಕೂಡಲೇ ಗುರುತು ಸಿಗುತ್ತದೆ. ಊರು ಪೂರ್ತಿಯಾಗುವ ಮೊದಲೇ, 1624ರಲ್ಲಿ, ಅಹಮದನಗರದ ಮಲಿಕ್ ಅಂಬರ್ ಅದನ್ನು ಹಾಳುಗೆಡವಿದ.

ಕಿತಾಬ್-ಎ-ನೌರಸ್ ದಖ್ಖನಿ ಭಾಷೆಯದು. ಅಂದರೆ ನಮ್ಮ ಮನೆಗಳಲ್ಲಿ ಇಂದಿಗೂ ಆಡುವ ಮಾತಿನ ಹಳೆಯ ರೂಪ. ಭೈರವ, ಮಲ್ಹಾರ, ಕಾನಡ ಮುಂತಾದ ರಾಗಗಳ ಕೆಳಗೆ ಹಾಡುಗಳನ್ನು ಜೋಡಿಸಿದ್ದಾನೆ. ನನ್ನ ಗಮನ ಸೆಳೆದದ್ದು ಆ ಹಾಡುಗಳಲ್ಲಿ ಯಾರಿದ್ದಾರೆ ಎಂಬುದು. ರಾಣಿ ಚಾಂದ್ ಸುಲ್ತಾನಾ ಇದ್ದಾಳೆ. ಅವನ ಆನೆ ಆತಶ್ ಖಾನ್ ಇದೆ. ಅವನ ತಂಬೂರಿ ಇದೆ, ಅದಕ್ಕೆ ಮೋತಿ ಖಾನ್ ಎಂದು ಹೆಸರಿಟ್ಟಿದ್ದ. ಆನೆಗೂ ತಂಬೂರಿಗೂ ಖಾನ್ ಎಂಬ ಮರ್ಯಾದೆಯ ಹೆಸರು ಕೊಟ್ಟು ಮನೆಯವರಂತೆ ಹಾಡಿನಲ್ಲಿ ಕೂರಿಸಿಕೊಂಡಿದ್ದಾನೆ.

ಪ್ರವಾದಿ ಮುಹಮ್ಮದ್ (ಸ) ಅವರ ಸ್ತುತಿಯೂ, ಕಲಬುರಗಿಯ ಬಂದೇ ನವಾಜ್ ಗೇಸೂದರಾಜ್ ಅವರ ಸ್ತುತಿಯೂ ಅದೇ ಪುಸ್ತಕದಲ್ಲಿವೆ. ವಿದ್ಯೆಗೆ ಒಡತಿಯೆಂದು ಸರಸ್ವತಿಯನ್ನು ಕೊಂಡಾಡುವ ಹಾಡೂ ಇದೆ. ಒಂದು ಕಡೆ ತನ್ನ ತಂದೆ ಗಣಪತಿ, ತಾಯಿ ಸರಸ್ವತಿ ಎಂದು ಹೇಳಿಕೊಂಡಿದ್ದಾನೆ. ಇದನ್ನು ತರಗತಿಯಲ್ಲಿ ಓದಿದಾಗ ಕೆಲವರು ಹುಬ್ಬೇರಿಸಿದರು. ನಮ್ಮ ಉಪನ್ಯಾಸಕರು ಸಮಾಧಾನದಿಂದ ವಿವರಿಸಿದರು. ಧ್ರುಪದ ಕಟ್ಟುವವರ ಪರಂಪರೆಯಲ್ಲಿ ಹಾಗೆ ಮೊದಲಿಡುವುದು ವಾಡಿಕೆ, ಕಲಿತ ವಿದ್ಯೆಗೆ ಸಲ್ಲಿಸುವ ಮರ್ಯಾದೆ ಅದು, ಮತ್ತು ಇಬ್ರಾಹಿಂ ತನ್ನ ಧರ್ಮವನ್ನು ಬಿಟ್ಟವನಲ್ಲ ಎಂದರು. ಅದು ನನಗೆ ಒಪ್ಪಿಗೆಯಾಯಿತು. ಜೊತೆಗೆ ಇನ್ನೊಂದು ಮಾತೂ ಹೊಳೆಯಿತು. ಚಿಕ್ಕಂದಿನಲ್ಲೇ ಮನೆಯವರು ಚದುರಿಹೋದ ಹುಡುಗನಿಗೆ ಸಂಗೀತವೇ ಒಂದು ಮನೆಯಾಗಿತ್ತು.

ಇದಕ್ಕೆ ಒಂದು ಸಾಕ್ಷಿಯೂ ಸಿಕ್ಕಿತು. ಮೊಘಲ್ ಬಾದಶಹ ಜಹಾಂಗೀರ್ ತನ್ನ ಆತ್ಮಚರಿತ್ರೆಯಲ್ಲಿ ವಿಜಯಪುರದಿಂದ ಬಂದ ಬಖ್ತರ್ ಖಾನ್ ಎಂಬ ಕಲಾವಂತನ ಬಗ್ಗೆ ಬರೆದಿದ್ದಾನೆ. ಇಬ್ರಾಹಿಂ ಈ ಗಾಯಕನನ್ನು ಧ್ರುಪದಕ್ಕೆ ತನ್ನ ಗುರುವಾಗಿ ಮಾಡಿಕೊಂಡು, ತನ್ನ ಸೋದರನ ಮಗಳನ್ನು ಅವನಿಗೆ ಮದುವೆ ಮಾಡಿಕೊಟ್ಟಿದ್ದನಂತೆ. ಆ ಕಾಲದಲ್ಲಿ ರಾಜಮನೆತನದ ಹೆಣ್ಣೆಂದರೆ ಇನ್ನೊಂದು ರಾಜ್ಯಕ್ಕೆ ಕೊಟ್ಟು ಸಂಧಿ ಮಾಡಿಕೊಳ್ಳುವ ಸಾಧನ. ಅಂಥದರಲ್ಲಿ ಇವನು ಒಬ್ಬ ಹಾಡುಗಾರನನ್ನು ಮನೆಯ ಅಳಿಯನನ್ನಾಗಿ ಮಾಡಿಕೊಂಡ. ಸೋದರನನ್ನು ಉಳಿಸಿಕೊಳ್ಳಲಾಗದವನು ಸೋದರನ ಮಗಳನ್ನು ತನ್ನ ಗುರುವಿನ ಮನೆಗೆ ಕೊಟ್ಟ. ನನಗೆ ಈ ಸಂಗತಿ ಅವನ ಎಲ್ಲ ಬಿರುದುಗಳಿಗಿಂತ ದೊಡ್ಡದಾಗಿ ಕಂಡಿತು.

ಅವನ ಮದುವೆಯ ಕಡೆಯಿಂದಲೂ ಕಾವ್ಯದ ನಂಟಿತ್ತು. 1587ರಲ್ಲಿ ಗೋಲ್ಕೊಂಡದ ಮುಹಮ್ಮದ್ ಕುಲಿ ಕುತುಬ್ ಶಾಹನ ಸೋದರಿ ಅವನ ರಾಣಿಯಾಗಿ ಬಂದಳು. ಮಲಿಕಾ ಜಹಾನ್ ಎಂಬ ಹೆಸರಿನಿಂದ ಪ್ರಸಿದ್ಧಳಾದವಳು ಅವಳೇ. ಆ ಹೆಸರಿನ ಮಸೀದಿ ನಮ್ಮ ಊರಿನಲ್ಲಿ ಈಗಲೂ ಇದೆ. ಅವಳ ಸೋದರ 1591ರಲ್ಲಿ ಹೈದರಾಬಾದ್ ನಗರ ಕಟ್ಟಿಸಿದವನು, ದಖ್ಖನಿಯ ಹೆಸರಾಂತ ಕವಿ. ಹೀಗೆ ದಖ್ಖನಿಯಲ್ಲಿ ಪದ ಕಟ್ಟಿದ ಇಬ್ಬರು ದೊರೆಗಳು ಒಬ್ಬರಿಗೊಬ್ಬರು ಭಾವ-ಮೈದುನರಾಗಿದ್ದರು. ಇನ್ನೊಬ್ಬ ರಾಣಿ ತಾಜ್ ಸುಲ್ತಾನಾ. ಮಲಿಕ್ ಸಂದಲ್ 1620ರಲ್ಲಿ ಕಟ್ಟಿಸಿದ ತಾಜ್ ಬಾವಡಿ ಅವಳ ನೆನಪಿನದು. ಒಂದು ಬಾವಡಿ ಸಾಕಿದವಳ ಹೆಸರಿನಲ್ಲಿ, ಇನ್ನೊಂದು ಹೆಂಡತಿಯ ಹೆಸರಿನಲ್ಲಿ. ಈ ಮನೆಯ ಗಂಡಸರು ಗದ್ದುಗೆಗಾಗಿ ಜಗಳಾಡಿದರೆ, ಹೆಂಗಸರ ಹೆಸರಿನಲ್ಲಿ ಊರು ನೀರು ಕುಡಿಯಿತು.

ಮಗಳು ಸುಲ್ತಾನ್ ಬೇಗಂಳ ಕಥೆ ಸೋದರತ್ತೆ ಖದೀಜಾಳ ಕಥೆಯಂತೆಯೇ ಆಯಿತು. ಅಕ್ಬರನ ಮಗ ದಾನಿಯಾಲನಿಗೆ ಅವಳನ್ನು ಕೇಳಿದರು. ಮೊಘಲರ ಬಲದ ಮುಂದೆ ಬೇಡವೆನ್ನುವುದು ಸುಲಭವಿರಲಿಲ್ಲ. 1604ರಲ್ಲಿ ಗೋದಾವರಿ ದಂಡೆಯ ಪೈಠಣದಲ್ಲಿ ಮದುವೆಯಾಯಿತು. ಇಬ್ರಾಹಿಮನ ಆಸ್ಥಾನದಲ್ಲಿದ್ದ ಪ್ರಸಿದ್ಧ ಇತಿಹಾಸಕಾರ ಫರಿಶ್ತಾ ಮದುಮಗಳ ಪಲ್ಲಕ್ಕಿಯ ಜೊತೆ ಹೋಗಿದ್ದ. ಮರುವರ್ಷವೇ ದಾನಿಯಾಲ್ ತೀರಿಕೊಂಡ. ಸಾಕಿದ ಚಾಂದ್ ಬೀಬಿಯೂ ಅಷ್ಟರಲ್ಲಿ ಇರಲಿಲ್ಲ. ಅಹಮದನಗರದ ಕೋಟೆಯನ್ನು ಮೊಘಲರ ಎದುರು ಕಾಯ್ದು ಹೆಸರಾದವಳನ್ನು ಕೊನೆಗೆ ಅವಳ ಕಡೆಯವರೇ ಕೊಂದಿದ್ದರು.

1627ರಲ್ಲಿ ಇಬ್ರಾಹಿಂ ತೀರಿಕೊಂಡ. ತಾನು ಒಡಹುಟ್ಟಿದವನಿಂದ ಕಂಡ ಸಂಕಟವನ್ನು ಅವನ ಮಕ್ಕಳೂ ಕಂಡರು. ಮಲಿಕಾ ಜಹಾನಳ ಮಗ ದರವೇಶ್ ಹಿರಿಯವನು. ಆದರೆ ಆಸ್ಥಾನದ ಪ್ರಬಲರು ತಾಜ್ ಸುಲ್ತಾನಾಳ ಮಗ ಮುಹಮ್ಮದನನ್ನು ಗದ್ದುಗೆಗೆ ಕೂರಿಸಿದರು. ದರವೇಶ್ ಮತ್ತೆಂದೂ ಹಕ್ಕು ಕೇಳದಿರಲೆಂದು ಅವನ ಕಣ್ಣು ಕಳೆದರು. ಇಲ್ಲಿಯೂ ಹುಡುಗರು ಜಗಳಾಡುವ ಮೊದಲೇ ನಡುವಿನವರು ಜಗಳ ಮುಗಿಸಿಬಿಟ್ಟಿದ್ದರು.

ಪ್ರಾಜೆಕ್ಟ್ ಕೊಡುವ ಮುನ್ನ ಒಂದು ಶನಿವಾರ ಮಧ್ಯಾಹ್ನ ನಾವಿಬ್ಬರೂ ಇಬ್ರಾಹಿಂ ರೋಜಾಕ್ಕೆ ಹೋದೆವು. ಒಂದೇ ಕಟ್ಟೆಯ ಮೇಲೆ ಒಂದು ಕಡೆ ಗೋರಿಯ ಕಟ್ಟಡ, ಇನ್ನೊಂದು ಕಡೆ ಮಸೀದಿ, ನಡುವೆ ಹೊಂಡ. ಇದನ್ನು ತಾಜ್ ಸುಲ್ತಾನಾಳಿಗಾಗಿ ಆರಂಭಿಸಿದ್ದು. ಆದರೆ ಮೊದಲು ಬಂದು ಮಲಗಿದವನು ಇಬ್ರಾಹಿಂ. ಕಟ್ಟಿದ ಮಲಿಕ್ ಸಂದಲ್ ಖರ್ಚನ್ನೂ ಕಲ್ಲಿನಲ್ಲಿ ಕೆತ್ತಿಸಿದ್ದಾನೆ: 1,50,900 ಹೊನ್ನು. ಗೋಡೆಯ ತುಂಬ ಅರಳಿದ ಅಕ್ಷರಗಳನ್ನು ನನ್ನ ಚಾಚಾನ ಮಗಳು ಬೆರಳು ತಾಗಿಸದೆ ಗಾಳಿಯಲ್ಲಿ ಬರೆಯುತ್ತ ಓದಲು ನೋಡಿದಳು.

ಒಳಗೆ ಆರು ಗೋರಿಗಳು ಸಾಲಾಗಿವೆ. ರಾಣಿ ತಾಜ್ ಸುಲ್ತಾನಾ, ತಾಯಿ ಹಾಜಿ ಬಡಿ ಸಾಹಿಬಾ, ಇಬ್ರಾಹಿಂ, ಮಗಳು ಜೊಹ್ರಾ ಸುಲ್ತಾನಾ, ಮಕ್ಕಳಾದ ದರವೇಶ್ ಮತ್ತು ಸುಲೇಮಾನ್. ಹಾಡುಗಾರ ಬಾದಶಹ ತಾಯಿಯ ಮತ್ತು ಮಗಳ ನಡುವೆ ಮಲಗಿದ್ದಾನೆ. ಬದುಕಿದ್ದಾಗ ಕಣ್ಣು ಕಳೆದುಕೊಂಡ ದರವೇಶ್‌ಗೆ ತಂದೆಯ ಸಾಲಿನಲ್ಲಿಯೇ ಜಾಗ ಸಿಕ್ಕಿದೆ. ಗದ್ದುಗೆ ಗೆದ್ದ ಮುಹಮ್ಮದ್ ಇಲ್ಲಿಲ್ಲ. ಅವನು ಊರಿನ ಪೂರ್ವ ದಿಕ್ಕಿನಲ್ಲಿ, ತಾನೇ ಕಟ್ಟಿಸಿದ ಗೋಳಗುಮ್ಮಟದಲ್ಲಿದ್ದಾನೆ. ಒಬ್ಬ ತಂದೆಯ ಮಕ್ಕಳು ಊರಿನ ಆ ತುದಿಗೊಬ್ಬ, ಈ ತುದಿಗೊಬ್ಬ. ಪ್ರವಾಸಿಗರು ಒಂದು ಕಡೆ ನೋಡಿ, ಟಾಂಗಾ ಹತ್ತಿ ಇನ್ನೊಂದು ಕಡೆಗೆ ಹೋಗುತ್ತಾರೆ. ನಡುವಿನ ಅಂತರ ಯಾವುದೆಂದು ಅವರಿಗೆ ಯಾರೂ ಹೇಳುವುದಿಲ್ಲ.

ಆ ರಾತ್ರಿ ಊಟವಾದ ಮೇಲೆ ನೋಟ್‌ಬುಕ್ಕಿನ ವಂಶವೃಕ್ಷವನ್ನು ಅಬ್ಬಾನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಓದಿದರು. ಇಸ್ಮಾಯಿಲ್ ಎಂಬಲ್ಲಿ ಬೆರಳು ನಿಂತಿತು. ಅವನ ಗೋರಿ ಎಷ್ಟನೆಯದು ಎಂದು ಕೇಳಿದರು. ಆ ಸಾಲಿನಲ್ಲಿ ಅವನದಿಲ್ಲ ಎಂದೆ. ಅಬ್ಬಾ ಮತ್ತೇನೂ ಕೇಳಲಿಲ್ಲ. ನೋಟ್‌ಬುಕ್ ಮಡಿಚಿ ನನ್ನ ಕೈಗೆ ಕೊಟ್ಟರು. ಬಾಗಿಲ ಬಳಿ ಕುಳಿತಿದ್ದ ದಾದಿ ತಸ್ಬೀಹ್ ಎಣಿಸುವುದನ್ನು ನಿಲ್ಲಿಸಿ ಅವರನ್ನೇ ನೋಡುತ್ತಿದ್ದರು.

ಸೋಮವಾರ ಬೆಳಿಗ್ಗೆ ಬಸ್ಸಿಗೆ ಹೊರಟಾಗ ಅಬ್ಬಾ ನಮ್ಮ ತೋಟದ ಒಣದ್ರಾಕ್ಷಿಯ ಒಂದು ಚೀಲ ತಂದು ನನ್ನ ಬ್ಯಾಗಿನ ಪಕ್ಕ ಇಟ್ಟರು. ಯಾರಿಗೆಂದು ಹೇಳಲಿಲ್ಲ. ಬಬಲೇಶ್ವರದ ಬಸ್ಸು ಎಷ್ಟು ಹೊತ್ತಿಗೆ ವಿಜಯಪುರ ಮುಟ್ಟುತ್ತದೆ ಎಂದಷ್ಟೇ ಕೇಳಿದರು. ಚೀಲವನ್ನು ಕಾಲೇಜಿನ ಗೇಟಿನಲ್ಲಿ ನನ್ನ ಚಾಚಾನ ಮಗಳ ಕೈಗೆ ಕೊಟ್ಟೆ. ಬಾವಿಯ ಪಾಳಿ ಇನ್ನೂ ಬಗೆಹರಿದಿಲ್ಲ. ಆದರೆ ಮರುದಿನ ಆ ಚೀಲ ಖಾಲಿಯಾಗಿ ಮರಳಲಿಲ್ಲ. ಅದರೊಳಗೆ ಚಾಚಿ ಕೈಯಾರೆ ಮಾಡಿದ ಶೇಂಗಾ ಹೋಳಿಗೆ ಇದ್ದವು.

ಗೆಳೆಯರೇ, ಗೆಳತಿಯರೇ, ನೀವೂ ತೊರವಿಯ ದಾರಿಯಲ್ಲಿ ಬರುವವರಾದರೆ ಒಂದು ದಿನ ಕಿಟಕಿಯ ಕಡೆ ಕುಳಿತು ಆ ಕಮಾನುಗಳನ್ನು ನೋಡಿರಿ. ಅಲ್ಲಿ ಹಾಡಿದವನಿಗೆ ರಾಗಗಳೆಲ್ಲ ಒಲಿದಿದ್ದವು. ಒಡಹುಟ್ಟಿದವನನ್ನು ಒಲಿಸಿಕೊಳ್ಳುವ ಅವಕಾಶ ಮಾತ್ರ ಗದ್ದುಗೆ ಅವನಿಗೆ ಕೊಡಲಿಲ್ಲ. ನಮಗೆ ಗದ್ದುಗೆಯಿಲ್ಲ. ಆ ಅವಕಾಶ ನಮ್ಮ ಕೈಯಲ್ಲಿದೆ.